ಗೂಟ ಕೀಳುವ ರಾಚಯ್ಯನವರು

ಬೆಳಗಿನ ಐದೂವರೆ. ಮರಾಠಿ ಗಡಿಸೀಮೆಯಲ್ಲಿ, ನಿಲಂಗಾದಿಂದ ದೇವಣಿಗೆ ಹೋಗುವ ರಸ್ತೆಯ ಬದಿಗೊಂದು ಸಣ್ಣ ಊರು. ನಾಗನಾಥನ ದನದ ಕೊಟ್ಟಿಗೆಯಲ್ಲಿ ರಾಚಯ್ಯನವರು ಕುಕ್ಕರಗಾಲಲ್ಲಿ ಕೂತು ಆಕಳ ಮುಖವನ್ನೇ ನೋಡುತ್ತಿದ್ದಾರೆ. ದೇವಣಿ ತಳಿಯ ಕಪ್ಪು-ಬಿಳಿ ಆಕಳು. ನೀರಿನ ಕಬ್ಬಿಣದ ದೋಣಿಗೆ ಮೂತಿ ಹಚ್ಚುತ್ತದೆ, ಥಟ್ಟನೆ ಹಿಂದೆ ಸರಿಯುತ್ತದೆ. ಬಾಯಾರಿಕೆ ತಡೆಯಲಾರದೆ ಮತ್ತೆ ಬರುತ್ತದೆ, ಮತ್ತೆ ಸರಿಯುತ್ತದೆ. ಮೂರು ದಿನದಿಂದ ಇದೇ ಪಾಡು, ಹಾಲು ಅರ್ಧಕ್ಕೆ ಇಳಿದಿದೆ. ಮನೆಯವರು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ವಿಭೂತಿ ಮಂತ್ರಿಸಿ ಕೊಡಲಿ ಎಂದು ಊರ ಜಂಗಮರಾದ ಇವರನ್ನು ಕರೆಸಿದ್ದಾರೆ.

ಅರವತ್ತೊಂದರ ರಾಚಯ್ಯನವರು ವಿಭೂತಿ ಹಚ್ಚುತ್ತಾರೆ. ಕರೆದವರ ಮನಸ್ಸು ಮುರಿಯಬಾರದಲ್ಲ! ಆಮೇಲೆ ಅದೇ ಜೋಳಿಗೆಯಿಂದ ಒಂದು ಮೀಟರು, ಎರಡು ಕಬ್ಬಿಣದ ಸಲಾಕೆ ಹೊರಬರುತ್ತವೆ. ಆಕಳ ಮುಂಗಾಲಿನ ಹತ್ತಿರ ಒಂದನ್ನು, ಹಿಂಗಾಲಿನ ಹತ್ತಿರ ಇನ್ನೊಂದನ್ನು ನೆಲಕ್ಕೆ ಚುಚ್ಚಿ ವಯರು ಸಿಕ್ಕಿಸುತ್ತಾರೆ. ಮೀಟರು ಮೂವತ್ತೆಂಟು ತೋರಿಸುತ್ತದೆ.

"ದೃಷ್ಟಿ ಅಲ್ಲ ತಮ್ಮಾ, ಕರೆಂಟು ಅದ. ಈ ನೆಲದಾಗ ಮೂವತ್ತೆಂಟು ವೋಲ್ಟ್ ಅದ. ನಮ್ಮ ಎರಡು ಕಾಲಿನ ನಡುವ ಒಂದು ಹೆಜ್ಜಿ, ಆಕಳದ್ದು ಐದು ಫೂಟು. ಅದಕ್ಕೇ ನಮಗಿಂತ ಮೊದಲು ಆಕಳಿಗಿ ತಿಳದದ."

ನಾಗನಾಥ ನೆಲ ನೋಡುತ್ತಾನೆ. ನೆಲಕ್ಕೆ ಕರೆಂಟು ಎಲ್ಲಿಂದ ಬಂತೆಂದು ಈಗ ಅವನಿಗೂ ಹೊಳೆದಿದೆ. ಹದಿನೈದು ದಿನದ ಹಿಂದೆ ಗಾಳಿಗೆ ಮನೆಯ ನ್ಯೂಟ್ರಲ್ ತಂತಿ ಹರಿದಿದೆ. ಕಂಬದಿಂದ ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಕರೆಂಟು ಬರುವ ಹಾದಿ, ಇನ್ನೊಂದು ಅದು ತಿರುಗಿ ಹೋಗುವ ಹಾದಿ. ಆ ಎರಡನೆಯದೇ ನ್ಯೂಟ್ರಲ್. ಅದು ಹರಿದರೆ ಬಲ್ಬು ಹತ್ತದು. ಈ ಸೀಮೆಯಲ್ಲಿ ಅದಕ್ಕೊಂದು ಮನೆಮದ್ದಿದೆ: ಕಬ್ಬಿಣದ ಗೂಟವೊಂದನ್ನು ನೆಲಕ್ಕೆ ಬಡಿದು, ಅದಕ್ಕೆ ವಯರು ಸುತ್ತಿದರೆ ಕರೆಂಟು ಭೂಮಿಯೊಳಗಿಂದ ತಿರುಗಿ ಹೋಗುತ್ತದೆ, ಬಲ್ಬು ಹತ್ತುತ್ತದೆ. ಮಣ್ಣು ಒಣಗಿ ಬೆಳಕು ಮಂದವಾದರೆ ಗೂಟದ ಬುಡಕ್ಕೆ ನೀರು ಹೊಯ್ಯಬೇಕು. ತುಳಸಿಗೆ ಹೊಯ್ದಂತೆ ದಿನಾ ಬೆಳಿಗ್ಗೆ ಹೊಯ್ಯುವ ಮನೆಗಳಿವೆ. ಹೊಯ್ಯುವವರು ಹೆಂಗಸರೇ.

ಮಾತು ನಡೆದಿರುವಾಗಲೇ ನಾಗನಾಥನ ಹೆಂಡತಿ ವೈಷ್ಣವಿ ಬರಿಗಾಲಲ್ಲಿ ಸ್ಟೀಲಿನ ಕೊಡ ಹೊತ್ತು ಬರುತ್ತಾಳೆ. ನಾಗನಾಥ ಬಡಿದ ಗೂಟ ಇರುವುದು ದೋಣಿಯ ಮಗ್ಗುಲಲ್ಲೇ; ದೋಣಿಯನ್ನು ಅಲ್ಲಿಗೆ ಎಳೆದಿಟ್ಟು ಮೂರು ದಿನ. ರಾಚಯ್ಯನವರು ಎದ್ದು ಅಡ್ಡ ನಿಲ್ಲುತ್ತಾರೆ.

"ನಿಂದ್ರವ್ವಾ. ಅಲ್ಲಿಗಿ ಹೋಗಬ್ಯಾಡ. ನಾಗನಾಥ, ಮೇನ್ ಬಂದ್ ಮಾಡು, ಗೂಟ ಕೀಳ್ತೀನಿ."

"ಕಿತ್ರ ಮನ್ಯಾಗ ಕತ್ತಲಾಗ್ತದ ಅಯ್ಯೋರೆ," ನಾಗನಾಥ ಅನ್ನುತ್ತಾನೆ. "ಮಗಳು ಮೀನಲಂದು ಹತ್ತನೇ ಕ್ಲಾಸಿನ ಪರೀಕ್ಷಾ ಎಂಟು ದಿನದಾಗ ಅದ. ಮೂರು ಸಲ ಅರ್ಜ ಕೊಟ್ಟೀನಿ, ತಂತಿ ಹಾಕ್ಲಿಕ್ಕ ಯಾರೂ ಬಂದಿಲ್ಲ. ಹದಿನೈದು ದಿನ ಆಯ್ತು, ಯಾರಿಗೇನಾಗ್ಯದ?"

ಅವನ ಮಾತಿನಲ್ಲಿ ತಪ್ಪೇನು ಹುಡುಕೋಣ? ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಕಂಬದಲ್ಲಿ ಕರೆಂಟಿದೆ, ಮನೆಯಲ್ಲಿ ಓದುವ ಮಗಳಿದ್ದಾಳೆ, ನಡುವೆ ನಾಲ್ಕು ಮಾರು ತಂತಿ ಇಲ್ಲ. ಆ ದಿನ ಗೂಟ ಉಳಿಯುತ್ತದೆ. ದೋಣಿಯನ್ನು ದೂರ ಎಳೆದು, ವೈಷ್ಣವಿಗೆ ಚಪ್ಪಲಿ ಮೆಟ್ಟಲು ಹೇಳಿ ರಾಚಯ್ಯನವರು ಹೊರಡುತ್ತಾರೆ.

ರಾಚಯ್ಯನವರದು ಜಂಗಮ ವೃತ್ತಿ. ಮದುವೆ, ಗೃಹಪ್ರವೇಶ, ಸತ್ತಾಗ ಮಣ್ಣಿನ ಕ್ರಿಯೆ. ಹದಿಮೂರು ವರ್ಷದ ಹಿಂದೆ ಹೆಂಡತಿ ಪ್ರಯಾಗಬಾಯಿ ಎದೆ ನಿಂತು ಹೋದರು ಎಂಬುದು ಊರಿಗೆ ಗೊತ್ತಿರುವ ಸಂಗತಿ. ಒಬ್ಬಳೇ ಮಗಳು ಉಜ್ವಲಾಳನ್ನು ಉದಗೀರಿಗೆ ಕೊಟ್ಟಿದೆ. ಹೆಂಡತಿ ಹೋದ ಎರಡನೇ ವರ್ಷ ಇವರು ನಿಲಂಗಾದ ಹೈಸ್ಕೂಲಿನ ವಿಜ್ಞಾನದ ಓಂಪ್ರಕಾಶ ಸರ್ ಮುಂದೆ ಹೋಗಿ, ಕರೆಂಟು ಅಂದರೇನು ಕಲಿಸಿರಿ ಎಂದು ಕೂತರು. ಸರ್ ನಕ್ಕರು, ಆದರೆ ಕಲಿಸಿದರು. ಈಗ ಅದನ್ನೇ ರಾಚಯ್ಯನವರು ಊರೂರಿಗೆ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಡಿಪೋದಿಂದ ಹೊಂಟ ಎಸ್ಟಿ ಬಸ್ಸು ಡಿಪೋಕ್ಕೇ ತಿರುಗಿ ಬರಬೇಕಲ್ಲರೀ. ಹಾದಿ ಬಂದ್ ಆದ್ರ ಯಾರದಾರ ಹೊಲದಾಗ ಹಾದು ಬರ್ತದ. ನಡುವ ನೀ ನಿಂತಿದ್ರ ನಿನ್ನ ಮ್ಯಾಲೇ ಹಾದು ಬರ್ತದ."

ಹನ್ನೊಂದು ವರ್ಷದಲ್ಲಿ ನಾಲ್ಕು ಊರುಗಳಲ್ಲಿ ನೂರಾ ನಲವತ್ತಾರು ಗೂಟ ಕಿತ್ತಿದ್ದಾರೆ. ಗೂಟ ಹುಡುಕುತ್ತ ದಿನಕ್ಕೆ ಐದಾರು ಮನೆ ಸುತ್ತುತ್ತಾರೆ, ಎಲ್ಲ ನಡಿಗೆಯಲ್ಲೇ. ಮಣ್ಣು ಕೊಡುವ ಅಯ್ಯನೇ ಮೀಟರು ಹಿಡಿದು ಬಂದರೆ ಜನ ಸುಮ್ಮನಿರುತ್ತಾರೆಯೇ? "ಅಯ್ಯೋರು ಇವತ್ತು ಯಾರ ಅಳತಿ ತಗೀಲಿಕ್ಕ ಬಂದಾರೋ" ಎಂದು ಕಟ್ಟೆಯ ಮೇಲಿನವರು ಚುಚ್ಚುತ್ತಾರೆ. ಬಾಗಿಲು ಹಾಕಿಕೊಂಡ ಮನೆಗಳಿಗೆ ಲೆಕ್ಕವಿಲ್ಲ. ಇದೇ ಹನ್ನೊಂದು ವರ್ಷದಲ್ಲಿ ಕರೆಂಟು ಹೊಡೆದು ಸತ್ತ ಒಂಬತ್ತು ಜನರಿಗೆ ಅವರೇ ಕ್ರಿಯೆ ಮಾಡಿದ್ದಾರೆ. ಅದರಲ್ಲಿ ಏಳು ಮಂದಿ ಹೆಂಗಸರು.

ಮರುದಿನ ನಸುಕಿನಲ್ಲಿ ರಾಚಯ್ಯನವರು ಮತ್ತೆ ನಾಗನಾಥನ ಅಂಗಳದಲ್ಲಿದ್ದಾರೆ. ಕರೆದವರಿಲ್ಲ. ಗೂಟದ ಬುಡ ಆಗಲೇ ಒದ್ದೆಯಾಗಿದೆ, ವೈಷ್ಣವಿಯ ಕಾಲಲ್ಲಿ ಚಪ್ಪಲಿ ಇಲ್ಲ. ಅವರು ಮೀಟರು ತೆಗೆಯುವುದಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಹದಿಮೂರು ವರ್ಷ ಯಾರ ಮುಂದೆಯೂ ಆಡದ ಮಾತು ಆಡುತ್ತಾರೆ.

"ಪ್ರಯಾಗಾ ಎದಿ ನಿಂತು ಸತ್ಲು ಅಂತ ಊರಿಗೆಲ್ಲಾ ಹೇಳೀನಿ. ಸುಳ್ಳು ಅದ. ನಮ್ಮ ಮನೀದೂ ನ್ಯೂಟ್ರಲ್ ಹರದಿತ್ತು. ಗೂಟ ನಾನೇ ಬಡದಿದ್ದೆ. ಒಂದಿನ ನಸುಕಿನ್ಯಾಗ ಪಂಚಾಂಗ ನೋಡಕೋತ ಕುಂತಿದ್ದೆ, ಬಲ್ಬು ಮಂದ ಆಯ್ತು. ಒಂದು ಕೊಡ ನೀರು ಹಾಕಿ ಬಾ ಅಂದೆ. ಹೋದ್ಲು. ಬಲ್ಬು ಛಲೋ ಬೆಳಕಾಯ್ತು. ನಾ ಓದಕೋತ ಕುಂತೆ. ಎಷ್ಟೊತ್ತಾದ್ರೂ ಆಕಿ ಒಳಗ ಬರ್ಲಿಲ್ಲ."

ಒದ್ದೆ ಕೈಯಲ್ಲಿದ್ದ ಕೊಡ ಗೂಟಕ್ಕೆ ತಾಗಿತ್ತು. ಜನ ಸೇರುವ ಮೊದಲೇ ಅವರು ಗೂಟ ಕಿತ್ತು ಹಾಳುಬಾವಿಗೆ ಎಸೆದರು. ಕ್ರಿಯೆ ಮಾಡಲು ಉಮರ್ಗಾದಿಂದ ಬೇರೆ ಅಯ್ಯನವರು ಬಂದರು. ಅವರಿಗೂ ಹೇಳಲಿಲ್ಲ. ಶಾಲೆಯಲ್ಲಿ ಓಂಪ್ರಕಾಶ ಸರ್ ತಾಟಿನಲ್ಲಿ ಒದ್ದೆ ಉಸುಕು ಹರವಿ, ಎರಡು ಮೊಳೆ ಚುಚ್ಚಿ, ಬ್ಯಾಟರಿ ಹಚ್ಚಿ, ಮೊಳೆಯ ಹತ್ತಿರವೇ ವೋಲ್ಟ್ ಹೆಚ್ಚು ಬೀಳುವುದನ್ನು ತೋರಿಸಿದ ದಿನ, "ಆ ಉಸುಕಿನ್ಯಾಗ ನನಗ ಪ್ರಯಾಗಾನ ಕಾಲು ಕಂಡ್ವು" ಎನ್ನುತ್ತಾರೆ.

ನಾಗನಾಥ ಎದ್ದು ಹೋಗಿ ಮೇನ್ ಸ್ವಿಚ್ ಇಳಿಸುತ್ತಾನೆ. ಗೂಟ ಕೀಳುವಾಗ ಅವನದೂ ಒಂದು ಕೈ. ಮೀನಲ ಪುಸ್ತಕ ಹಿಡಿದು ಪಕ್ಕದ ಮನೆಗೆ ಓದಲು ಹೋಗುತ್ತಾಳೆ. ತಂತಿ ಬರುವುದು ಇನ್ನೂ ಆರು ದಿನಕ್ಕೆ. ವೈಷ್ಣವಿ ಬದುಕಿದ್ದಾಳೆ.

ಆದರೆ ಊರಲ್ಲಿ ಆಡಿದ ಮಾತು ಊರಲ್ಲೇ ನಿಲ್ಲುತ್ತದೆಯೇ? ಅದು ಉದಗೀರು ಮುಟ್ಟುವ ಮೊದಲು ತಾನೇ ಹೇಳಬೇಕೆಂದು ರಾಚಯ್ಯನವರು ಅದೇ ದಿನ ಮಗಳಿಗೆ ಫೋನು ಮಾಡುತ್ತಾರೆ. ಉಜ್ವಲಾ ಕೊನೆಯತನಕ ಕೇಳುತ್ತಾಳೆ. ಒಂದೇ ಪ್ರಶ್ನೆ: "ಅವ್ವ ಕೂಗಿದ್ಳೇನು?"

"ನನಗ ಕೇಳಸ್ಲಿಲ್ಲವ್ವಾ," ಎನ್ನುತ್ತಾರೆ. ಫೋನು ಕಟ್ಟಾಗುತ್ತದೆ.

ಅದಾಗಿ ಹತ್ತೊಂಬತ್ತು ದಿನ. ಮಗಳ ಫೋನಿಲ್ಲ, ಇವರು ಮಾಡಿದರೆ ಎತ್ತುವುದಿಲ್ಲ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾವು ಕೇಳಿದರೆ ಅವರು ಮೀಟರಿನ ವಯರು ಸುತ್ತಿ ಜೋಳಿಗೆಗೆ ಹಾಕುತ್ತಾರೆ. "ಊರಿಗಿ ಉಪಕಾರಿ, ಮನಿಗಿ ಮಾರಿ ಅಂತಾರಲ್ಲ, ಅದು ನಾನೇ. ಬರೀರಿ. ಯಾವದಾರ ಒಂದು ಮನ್ಯಾಗ ಓದಿ ಗೂಟ ಕಿತ್ತರ ಸಾಕು."

ಮತ್ತೇನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದಾಗ, ಎದ್ದು ಜೋಳಿಗೆ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಮಗಳು ಮಾಫ್ ಮಾಡ್ಲಿ ಅಂತ ನಾ ಕೇಳಂಗಿಲ್ಲರೀ. ಬೈಲಿಕ್ಕರ ಒಮ್ಮಿ ಬರ್ಲಿ."