ಝೆರಾಕ್ಸ್ ಕಾಕಾ ಬರೆದ ನಂಬರು

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ನನಗೆ ಆಗದು. ಹೋದ ವಾರ ಶಾಲೆ ಬಿಡುವ ಹೊತ್ತಿಗೆ ಒಬ್ಬ ಹುಡುಗಿ ಬಂದು ತನ್ನ ಬಿ.ಪಿ.ಇಡಿ. ಪದವಿ ಪತ್ರವನ್ನು ನನ್ನ ಕೈಗಿಟ್ಟಳು. ಇಂಥ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬಾರದು ಎಂದು ಎಷ್ಟು ಹೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲ. ಆಗಷ್ಟೇ ಮಾಡಿಸಿಕೊಂಡು ಬಂದಿದ್ದಳು, ಇನ್ನೂ ಬೆಚ್ಚಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯರಗಟ್ಟಿ ಬಸ್ ಸ್ಟ್ಯಾಂಡಿನ ಎದುರಿನ ಸಣ್ಣ ಅಂಗಡಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತ ಆ ಮನುಷ್ಯ... ಎಲ್ಲ ಕಣ್ಣ ಮುಂದೆ ಬಂತು. ಹುಡುಗಿ ಅವನ ಮಗಳೇ.

ಊರೆಲ್ಲ ಅವನನ್ನು ಝೆರಾಕ್ಸ್ ಕಾಕಾ ಎನ್ನುತ್ತಿತ್ತು. ವಯಸ್ಸಿನಲ್ಲಿ ನನ್ನ ಅಪ್ಪನ ಓರಗೆಯವನು, ಸತ್ತೂ ಹೋಗಿದ್ದಾನೆ, ಅವರು ಎಂದು ಬರೆಯಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕಾಲೇಜಿನ ಅರ್ಜಿ, ಏನೇ ಇದ್ದರೂ ಸುತ್ತಲಿನ ಹಳ್ಳಿಯವರೆಲ್ಲ ಅವನ ಕಂಪ್ಯೂಟರಿನ ಮುಂದೆಯೇ ಬಂದು ನಿಲ್ಲುತ್ತಿದ್ದರು. ನಮ್ಮ ಮನೆಗಳಲ್ಲಿ ಆಗ ಇದ್ದದ್ದು ಒಂದೇ ಮೊಬೈಲು, ಅದೂ ಅಪ್ಪಂದಿರ ಜೊತೆ ಹೊಲದಲ್ಲಿರುತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗಕ್ಕೆ ಬಂದಾಗ ಕಾಕಾ ಕೇಳದೆಯೇ ತನ್ನದನ್ನು ಹಾಕುತ್ತಿದ್ದ. ಅದನ್ನು ನಾವೆಲ್ಲ ಉಪಕಾರ ಎಂದೇ ತಿಳಿದಿದ್ದೆವು.

ನಾನು ಬಿ.ಎ. ಮುಗಿಸಿದ ವರ್ಷ. ಸವದತ್ತಿಯಲ್ಲಿ ಓದುವಾಗ ಮೂರು ವರ್ಷ ಕಾಲೇಜಿನ ಖೋ-ಖೋ ತಂಡದಲ್ಲಿದ್ದೆ. ದೈಹಿಕ ಶಿಕ್ಷಣದ ಶಿಕ್ಷಕಿಯಾಗಬೇಕು ಎಂಬುದೊಂದೇ ತಲೆಯಲ್ಲಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಅದಕ್ಕೆ ಬೇಕಾದ ಬಿ.ಪಿ.ಇಡಿ. ಕಲಿಸುವ ನಾಲ್ಕು ಕಾಲೇಜುಗಳ ಹೆಸರು ಬರೆದೆ. ಎಲ್ಲಿ ಫೀ ಎಷ್ಟು, ಹಾಸ್ಟೆಲ್ ಇದೆಯೋ ಇಲ್ಲವೋ, ಮೈದಾನ ಸ್ವಂತದ್ದೋ ಬಾಡಿಗೆಯದ್ದೋ, ವಾರಕ್ಕೊಮ್ಮೆ ಊರಿಗೆ ಬರಲು ಬಸ್ಸಿಗೆಷ್ಟು, ಎಲ್ಲವನ್ನೂ ಕೂತು ತಾಳೆ ನೋಡಿದೆ. ನಮಗೆ ಎಟಕುವಂಥದ್ದು ಒಂದೇ ಒಂದು, ಧಾರವಾಡದ್ದು. ಅಲ್ಲಿ ಸರ್ಕಾರಿ ಫೀ, ಹಾಸ್ಟೆಲ್ಲಿನಲ್ಲಿ ಊಟ, ಕೆಂಪು ಮಣ್ಣಿನ ದೊಡ್ಡ ಮೈದಾನ.

ಅಪ್ಪ ಕ್ಯಾಲೆಂಡರನ್ನು ತಿರುಗಿಸಿ ತಿರುಗಿಸಿ ನೋಡಿದ. "ಆಟಾ ಕಲಸಾಕೂ ಕಾಲೇಜ ಅದಾವಾ?" ಎಂದ. ಅವ್ವ ನನ್ನ ಪರವಾಗಿ ಎರಡು ದಿನ ಮಾತು ಬಿಟ್ಟ ಮೇಲೆ ಒಪ್ಪಿದ. "ಸರ್ಕಾರಿ ಸೀಟ ಸಿಕ್ಕರ ಹೋಗು. ಇಲ್ಲಂದ್ರ ಬಂದ ವರಾ ನೋಡೂಣು, ಮತ್ತ ತಕರಾರ ತಗೀಬಾರದು."

ಅರ್ಜಿ ತುಂಬಿಸಿದೆ. ಧಾರವಾಡಕ್ಕೆ ಹೋಗಿ ಓಟ, ಜಿಗಿತ, ಗುಂಡು ಎಸೆತದ ಪರೀಕ್ಷೆಯನ್ನೂ ಕೊಟ್ಟು ಬಂದೆ. ಆಮೇಲೆ ಹದಿನೈದು ದಿನ ಒಂದೇ ಸಮನೆ ಅಂಗಡಿಗೆ ಅಲೆದೆ. ಹೋದಾಗಲೆಲ್ಲ ಕಾಕಾ ಕನ್ನಡಕ ಇಳಿಸಿ, "ಇನ್ನೂ ಮೆಸೇಜ್ ಬಂದಿಲ್ಲ ತಂಗಿ" ಎನ್ನುತ್ತಿದ್ದ. ಒಂದು ದಿನ ತಾನೇ ಕರೆದು ಕೂರಿಸಿದ. "ನಿಂದು ಆಗಲಿಲ್ಲ ತಂಗಿ. ಚಿಂತಿ ಬ್ಯಾಡ, ನಮ್ಮ ಪರಿಚಯದವರದೊಂದು ಕಾಲೇಜ ಐತಿ. ಫೀ ತುಸು ಹೆಚ್ಚು, ಆದ್ರ ಸೀಟ ಗ್ಯಾರಂಟಿ" ಎಂದು ಬಣ್ಣದ ಹಾಳೆಯೊಂದನ್ನು ಮುಂದೆ ತಳ್ಳಿದ. ಅದು ನನ್ನ ಕ್ಯಾಲೆಂಡರಿನ ಪಟ್ಟಿಯಲ್ಲಿ ನಾನೇ ಕಾಟು ಹೊಡೆದಿದ್ದ ಕಾಲೇಜು. ಹಾಳೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ತಿಂಗಳಾದ ಮೇಲೆ ಬೈಲಹೊಂಗಲದ ಗೆಳತಿಯೊಬ್ಬಳು ಸಿಕ್ಕಳು. ನನ್ನ ಎದುರು ತಂಡದಲ್ಲಿ ಆಡಿದವಳು, ಧಾರವಾಡದಲ್ಲಿ ಸೀಟು ಸಿಕ್ಕಿ ಸೇರಿಕೊಂಡಿದ್ದಳು. ನನ್ನನ್ನು ಕಂಡದ್ದೇ ಬೈಯತೊಡಗಿದಳು. "ಯಾಕ ಬರಲಿಲ್ಲ? ಪಟ್ಟಿಯೊಳಗ ನಿನ್ನ ಹೆಸರ ನನಗಿಂತ ಮ್ಯಾಲಿತ್ತು. ಎಲ್ಲಾರಿಗೂ ಮೆಸೇಜ್ ಬಂದಿತ್ತು, ನಾಕ ದಿನದಾಗ ಹಾಜರಾಗ್ರಿ ಅಂತ."

ಅಂಗಡಿಗೆ ಹೋದೆ. ಕಾಕಾ ಯಾರದೋ ಅಂಕಪಟ್ಟಿಯನ್ನು ಲ್ಯಾಮಿನೇಶನ್ ಯಂತ್ರಕ್ಕೆ ಕೊಡುತ್ತಿದ್ದ. ತಲೆ ಎತ್ತಲಿಲ್ಲ. "ನೆಟ್‌ವರ್ಕ್ ಇದ್ದಿದ್ದಿಲ್ಲ ಬೇ. ಬಂದಿದ್ರ ಹೇಳತಿದ್ದಿಲ್ಲೇನು?" ಎಂದ. ಹಾಳೆ ಸೊಟ್ಟಗೆ ಹೋಗಿ ಸಿಕ್ಕಿಕೊಂಡಿತು. ಆ ಬಣ್ಣದ ಹಾಳೆಯ ಕಾಲೇಜಿಗೆ ಅವನ ಅಂಗಡಿಯಿಂದ ಆ ವರ್ಷ ಐವರು ಸೇರಿದ್ದರು, ತಲೆಗಿಷ್ಟು ಎಂದು ಅವನಿಗೆ ಕಮಿಷನ್ ಬಂದಿತ್ತು. ಇದನ್ನು ಹೇಳಿದವನು ಅವನ ಪಕ್ಕದ ಅಂಗಡಿಯವನೇ.

ಆ ವರ್ಷ ನಾನು ಮೂರು ವರಗಳ ಮುಂದೆ ಚಹಾದ ತಟ್ಟೆ ಹಿಡಿದು ನಿಂತೆ. ಮೂವರಿಗೂ ಬೇಕೆಂದೇ ಒರಟಾಗಿ ಉತ್ತರ ಕೊಟ್ಟೆ. ಅಪ್ಪನ ಕೈಯಲ್ಲಿ ಒಮ್ಮೆ ಹೊಡೆತವನ್ನೂ ತಿಂದೆ, ಅದನ್ನೂ ಕಾಕಾನ ಪಾಲಿಗೇ ಬರೆದುಕೊಂಡೆ. ಅವ್ವ ಹೇಗೋ ಮಾಡಿ ಒಂದು ಮೊಬೈಲು ಕೊಡಿಸಿದಳು. ಮರುವರ್ಷ ನನ್ನ ಅರ್ಜಿ ನಾನೇ ತುಂಬಿದೆ, ನನ್ನದೇ ನಂಬರು ಹಾಕಿದೆ, ಅದೇ ಕಾಲೇಜಿಗೆ ಸೇರಿದೆ. ಪದವಿ ಮುಗಿದ ಮೇಲೆ ಯರಗಟ್ಟಿಯ ಹೈಸ್ಕೂಲಿನಲ್ಲೇ ಕೆಲಸ ಸಿಕ್ಕಿತು. ಬೇರೆ ಕಡೆಯೂ ಸಿಗುತ್ತಿತ್ತು. ನಾನು ಬೇಕೆಂದೇ ಅವನ ಕಣ್ಣೆದುರಿಗೆ ಬಂದೆ.

ಖೋ-ಖೋದಲ್ಲಿ ಬೆನ್ನಟ್ಟುವವಳು ಒಮ್ಮೆ ದಿಕ್ಕು ಹಿಡಿದರೆ ಹಿಂದಕ್ಕೆ ತಿರುಗುವಂತಿಲ್ಲ. ನಾನೂ ತಿರುಗಲಿಲ್ಲ. ಪ್ರತಿ ವರ್ಷ ಅರ್ಜಿಯ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪ್ ಹಿಡಿದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಅವನ ಅಂಗಡಿಗೆ ಸರಿಯಾಗಿ ಮುಖ ಮಾಡಿ ಕೂರುತ್ತಿದ್ದೆ. ಅರ್ಜಿ ತುಂಬಲು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ನಂಬರು ಅವರವರ ಮನೆಯದೇ ಇರಬೇಕು. ಯಾವ ಕಾಲೇಜು ಅಗ್ಗ, ಎಲ್ಲಿ ಹಾಸ್ಟೆಲ್ ಇದೆ ಎಂದು ಹೇಳಿಯೂ ಕಳಿಸುತ್ತಿದ್ದೆ. ಮಕ್ಕಳ ಮೇಲಿನ ಪ್ರೀತಿ ಎಂದು ಜನ ಹೊಗಳಿದರು. ಸುಳ್ಳು. ಒಂದೊಂದು ಅರ್ಜಿ ಮುಗಿದಾಗಲೂ ನಾನು ತಲೆ ಎತ್ತಿ ಅವನ ಖಾಲಿ ಅಂಗಡಿಯನ್ನೇ ನೋಡುತ್ತಿದ್ದೆ. ಒಮ್ಮೆ ಅವನು ಬೆಂಚಿಗೆ ಚಹಾ ಕಳಿಸಿದ. ಅವನು ನೋಡುತ್ತಿರುವಂತೆಯೇ ನೆಲಕ್ಕೆ ಸುರಿದು ಕಪ್ಪನ್ನು ವಾಪಸ್ಸು ಕಳಿಸಿದೆ. ಎಷ್ಟು ಹಿತವಾಗಿತ್ತು! ಹೀಗೆ ಕೆಲವು ವರ್ಷ ಕಳೆಯುವುದರೊಳಗೆ ಅವನ ಪಾಲಿಗೆ ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಎರಡೇ ಉಳಿದವು.

ಎರಡು ವರ್ಷದ ಹಿಂದೆ ಅವನ ಮಗಳು ಆ ಬೆಂಚಿನ ಹತ್ತಿರ ಬಂದು ನಿಂತಳು. ಅವಳೂ ಖೋ-ಖೋ ಆಡುವವಳು, ಅವಳಿಗೂ ಧಾರವಾಡದ ಅದೇ ಸೀಟು ಬೇಕಿತ್ತು. ಕೈಯಲ್ಲಿ ಅಪ್ಪನ ಚೀಟಿ. "ಫಾರ್ಮ್ ನೀವ ತುಂಬ್ರಿ. ನಂಬರ್ ನಿಮ್ಮದ ಹಾಕ್ರಿ." ಕಣ್ಣು ಮುಚ್ಚಿ ಅರ್ಜಿ ತುಂಬಬಲ್ಲ ಮನುಷ್ಯ! ಎದುರಿಗೆ ನೋಡಿದೆ. ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದ. ಆ ಕ್ಷಣ ನನಗೆ ಕರುಣೆ ಬಂತು ಎಂದರೆ ತಪ್ಪಾದೀತು. ಸಿಕ್ಕಿಬಿದ್ದ ಎಂದುಕೊಂಡೆ. ನನ್ನ ನಂಬರು ಹಾಕಿದೆ.

ಮೆಸೇಜ್ ಬಂದದ್ದು ಸೋಮವಾರ. ಸೀಟು ಸಿಕ್ಕಿತ್ತು, ಗುರುವಾರದೊಳಗೆ ಹಾಜರಾಗಬೇಕಿತ್ತು. ನಾನು ಹೇಳಲಿಲ್ಲ. ಮಂಗಳವಾರ, ಬುಧವಾರ ಅವನು ಶಾಲೆಯ ಗೇಟಿನ ಆಚೆ ಬಂದು ನಿಂತ. ಏನೂ ಕೇಳಲಿಲ್ಲ. ನಾನು ಮಕ್ಕಳಿಗೆ ಕವಾಯತು ಮಾಡಿಸುತ್ತ, ಸೀಟಿ ಊದುತ್ತ, ಅವನು ಬಿಸಿಲಲ್ಲಿ ನಿಂತದ್ದನ್ನು ಓರೆಗಣ್ಣಿನಿಂದ ನೋಡಿ ನೋಡಿ ತಣಿದೆ. ಗುರುವಾರ ಬೆಳಿಗ್ಗೆ ಮಾತ್ರ ಊಟದ ಡಬ್ಬಿ ಕಟ್ಟುತ್ತಿದ್ದವಳಿಗೆ ಮೂರು ವರಗಳ ಮುಂದೆ ತಟ್ಟೆ ಹಿಡಿದು ನಿಂತ ಹುಡುಗಿ ನೆನಪಾದಳು... ಡಬ್ಬಿ ಅಲ್ಲೇ ಬಿಟ್ಟು ಅವರ ಮನೆಗೆ ಓಡಿದೆ. ಬಾಗಿಲಲ್ಲಿ ಹುಡುಗಿ ತಲೆ ಬಾಚಿಕೊಂಡು ನಿಂತಿದ್ದಳು, ಹೊಸ್ತಿಲ ಪಕ್ಕ ಒಂದು ಬ್ಯಾಗಿತ್ತು. "ಸೀಟ ಆಗೇತಿ, ಇವತ್ತ ಕಡೀ ದಿನ, ಲಗೂನ ಹೋಗ್ರಿ" ಎಂದೆ. ಕಾಕಾ ಒಳಗಿನಿಂದ ಬಂದು ಕೈ ಮುಗಿದ. ನಾನು ಮುಖ ತಿರುಗಿಸಿಕೊಂಡು ಬಂದೆ. ಕಳೆದ ಮಳೆಗಾಲದಲ್ಲಿ ಅವನು ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ಹೋದ ವಾರ ಆ ಪತ್ರವನ್ನು ಹಿಡಿದು ಕೂತಾಗ, ಯಾಕೋ, ಹುಡುಗಿಗೆ ನಿಜ ಹೇಳಿಬಿಡಬೇಕೆನಿಸಿತು. "ನಿನ್ನ ಮೆಸೇಜ್ ನಂಗ ಸೋಮವಾರನ ಬಂದಿತ್ತು. ಮೂರು ದಿನ ಬೇಕಂತನ ಮುಚ್ಚಿಟ್ಟಿದ್ದೆ" ಎಂದೆ.

"ಗೊತ್ತೈತ್ರಿ ಟೀಚರ್" ಎಂದಳು. "ಪಟ್ಟಿ ಬಂದ ದಿನಾನ ಅಪ್ಪ ಕಂಪ್ಯೂಟರ್‌ದಾಗ ನೋಡಿದ್ದ. ಟೀಚರ್ ತಾವ ಬಂದು ಹೇಳೂ ತನಕಾ ಸುಮ್ಮನಿರು ಅಂದಿದ್ದ. ಗುರುವಾರ ಮುಂಜಾನೆ ಒಂಬತ್ತರ ಬಸ್ಸಿಗೆ ಹ್ಯಾಂಗೂ ಹೊಂಟಿದ್ವಿ. ಬ್ಯಾಗ್ ಕಟ್ಟಿ ಇಟ್ಟಿದ್ವಿ, ನೀವು ನೋಡಲಿಲ್ಲೇನ್ರಿ?"

ನೋಡಿದ್ದೆ.

ನನ್ನ ಸೇಡು ಎಂದು ಎರಡು ವರ್ಷ ಎದೆಯಲ್ಲಿಟ್ಟುಕೊಂಡದ್ದು ಅವನು ನನಗೆ ಕೊಟ್ಟ ಮೂರು ದಿನವಂತೆ. ಎಲ್ಲ ಗೊತ್ತಿದ್ದೂ, ನಾನು ನೋಡಿ ತಣಿಯಲಿ ಎಂದೇ ಬಿಸಿಲಲ್ಲಿ ಬಂದು ನಿಂತಿದ್ದ. ಹುಡುಗಿ ಹೋದ ಮೇಲೆ ಬಸ್ ಸ್ಟ್ಯಾಂಡಿಗೆ ನಡೆದು ಆ ಬೆಂಚಿನ ಮೇಲೆ ಕೂತೆ. ಎದುರಿನ ಅಂಗಡಿಯಲ್ಲಿ ಈಗ ಬೇಕರಿ ಇದೆ. ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ, ನನ್ನ ಒಂದು ವರ್ಷ ಹೋದದ್ದು ಹೋದದ್ದೇ. ಆದರೆ ಅವತ್ತು ಬಾಯಿ ತುಂಬ ಬೈಯಬೇಕು ಎನಿಸಿತು, ಬೈಯಲು ಎದುರಿಗೆ ಅವನು ಇರಲಿಲ್ಲ. ಬೇಕರಿಯ ಹುಡುಗ ಚಹಾ ತಂದಿಟ್ಟ. ಪೂರ್ತಿ ಕುಡಿದೆ.