ಕೇಳಿ ತಂದ ಬಟ್ಟೆಯ ಕುಂಚಿಗೆ

ನಾನು ನಿಂತಿದ್ದು ಸನತ್‌ನಗರದಲ್ಲಿ, ಕಾರ್ಖಾನೆ ಕಾರ್ಮಿಕರ ಮನೆಗಳ ಹಿಂದಿನ ಸಾಲಿನಲ್ಲಿ, ಅಕ್ಕನ ಮನೆಯ ಹೊಸ್ತಿಲ ಹೊರಗೆ. ಸಂಕ್ರಾಂತಿಗೆ ಮುಂಚಿನ ವಾರದ ಒಂದು ಬೆಳಗ್ಗೆ. ಅಮೀರ್‌ಪೇಟ್‌ನ ಗೋಡೆಗಳೆಲ್ಲ ಕಂಪ್ಯೂಟರ್ ಕೋರ್ಸುಗಳ ಜಾಹೀರಾತಿನಲ್ಲಿ ಮುಚ್ಚಿಹೋಗಿದ್ದ ವರ್ಷಗಳವು. ನಾನೂ ಅಲ್ಲೊಂದು ಕೋರ್ಸಿಗೆ ಸೇರಿ, ಹಾಸ್ಟೆಲ್ಲಿನಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ಅಕ್ಕನ ಮನೆಗೆ ಬರುತ್ತಿದ್ದೆ.

ಆ ಚಳಿಗಾಲ ಸೂರ್ಯ ತಡವಾಗಿ ಕಾಣುತ್ತಿದ್ದ. ಮಂಜಿಗೆ ಕಾರ್ಖಾನೆಗಳ ಹೊಗೆ ಸೇರಿ ಓಣಿಯೆಲ್ಲ ಬೂದಿ ಬಣ್ಣ. ಒಳಗೆ ಅಕ್ಕನ ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಭಾವನ ಮಾಸಿದ ಅಂಗಿಯಲ್ಲಿ ಸುತ್ತಿಸಿಕೊಂಡು ಮಲಗಿರುತ್ತಿತ್ತು. ಅದಕ್ಕೂ ಮೊದಲು ಅಕ್ಕ ಎರಡು ಮಕ್ಕಳನ್ನು ಕಳೆದುಕೊಂಡಿದ್ದಳು. ಇದಕ್ಕೆ ಹಾಲು ಕುಡಿಸುವಾಗಲೂ ಗೋಡೆಯ ಕಡೆ ನೋಡುತ್ತಿದ್ದಳು. ಮುಖ ನೋಡಿ ಹಚ್ಚಿಕೊಂಡರೆ ಇದೂ ಉಳಿಯಲಿಕ್ಕಿಲ್ಲ ಎಂಬ ಹೆದರಿಕೆ.

ಬಾಣಂತನಕ್ಕೆಂದು ಅವ್ವ ಕಲಬುರಗಿಯಿಂದ ಬಂದಿದ್ದಳು. ಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ನಾಲ್ಕು ಮನೆಯಲ್ಲಿ ಹಳೆಯ ಬಟ್ಟೆ ಕೇಳಿ ತಂದು ಹೊಲಿದು ಹಾಕಬೇಕು ಎಂಬುದು ನಮ್ಮ ಕಡೆಯ ರೂಢಿ. ಅವ್ವ ಕುಂಚಿಗೆ ಹೊಲಿಯುವುದೆಂದು ನಿಶ್ಚಯಿಸಿದಳು: ತಲೆಗೆ ಟೋಪಿ, ಬೆನ್ನಿಗೆ ಇಳಿಬಿಟ್ಟ ಬಟ್ಟೆ, ಗದ್ದದ ಕೆಳಗೆ ಕಟ್ಟಲು ಲಾಡಿ. ತೆಲುಗು ಬರುತ್ತದೆಂದು ನನ್ನನ್ನೂ ಮನೆಮನೆಗೆ ಕರೆದುಕೊಂಡು ಹೋದಳು.

ನಾನು ಸರಿಯಾಗಿಯೇ ಹೇಳಿದೆ, ಅವರೂ ಸರಿಯಾಗಿಯೇ ತಿಳಿದುಕೊಂಡರು. ಆದರೆ ಬಾಗಿಲಿಗೆ ಬಂದ ಮುತ್ತೈದೆಗೆ ಹಳೆಯ ಬಟ್ಟೆ ಕೊಡಲು ಆ ತೆಲುಗು ಹೆಂಗಸರಿಗೆ ಮನಸ್ಸು ಬರಲಿಲ್ಲ. ಹೋದ ಮನೆಯಲ್ಲೆಲ್ಲ ಕುಂಕುಮ ಹಚ್ಚಿ, ಮಡಿಕೆ ಬಿಚ್ಚದ ಕುಪ್ಪಸದ ಬಟ್ಟೆಯನ್ನೇ ಕೈಗಿಟ್ಟರು. ಗಿಳಿಹಸಿರು, ಚೆಂಡುಹೂವಿನ ಹಳದಿ, ಕಡು ಗುಲಾಬಿಯ ರಾಣಿ ಬಣ್ಣ.

ಅವ್ವ ಅವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು. "ಕುಂಕುಮ ಹಚ್ಚಿ ಕೊಟ್ಟದ್ದು, ಒಲ್ಲೆ ಅನ್ನಾಕ ಬರಂಗಿಲ್ಲ. ಹೊಸಾದು, ಕೂಸಿಗಿ ಹಾಕಾಕೂ ಬರಂಗಿಲ್ಲ. ಏನ್ ಮಾಡ್ಲಿ ಈಗ?"

ಪಕ್ಕದ ಮನೆಯ ಚಾಚಿ ಬೀದರಿನ ಮುದುಕಿ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಪರೇಶಾನ್ ಯಾಕ ಆಗ್ತೀರಿ ಬಾಯಿ? ತರ್ರಿ ಇಲ್ಲಿ. ಒಂದಿನ ನಾ ಹಾಕ್ಕೊಂಡು ಕೊಡ್ತೀನಿ. ನನ್ನ ಮೈಮ್ಯಾಲ ಬಂದದ್ದು ಯಾವುದೂ ಹೊಸಾದು ಉಳಿಯಂಗಿಲ್ಲ."

"ನಿಮಗ ನಗಿ, ಚಾಚಿ."

"ನಾ ಎಲ್ಲಿ ನಕ್ಕೀನಿ? ಮದುವಿಯಾದ ಮ್ಯಾಲ ಈ ಬಣ್ಣ ಇವತ್ತ ಸಿಕ್ಕಾವ."

ಹಸಿರನ್ನು ತಲೆಗೆ, ಹಳದಿಯನ್ನು ಹೆಗಲಿಗೆ ಹಾಕಿಕೊಂಡು, ರಾಣಿ ಬಣ್ಣದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಚಾಚಿ ಆ ದಿನವೆಲ್ಲ ಓಡಾಡಿದಳು. ನೀರು ತಂದಳು, ಒಲೆ ಊದಿದಳು. ಮಂಜಿನಲ್ಲಿ ನಲ್ಲಿಯ ಹತ್ತಿರ ಬೇರೆಯವರು ಕಾಣದಿದ್ದರೂ ಅವಳು ಕಾಣುತ್ತಿದ್ದಳು. ಕಿಟಕಿಯಿಂದ ನೋಡಿದ ಅಕ್ಕ, "ಇದೇನ್ರೀ ಚಾಚಿ, ಲಗ್ನಕ್ಕ ಹೊಂಟೀರೇನು?" ಅಂದಳು. ಹೆರಿಗೆಯಾದ ಮೇಲೆ ಅವಳು ತಾನಾಗಿ ಆಡಿದ ಮಾತು ಅದೇ ಮೊದಲು.

ಮರುದಿನ ಬೆಳಗ್ಗೆ ಕುಂಚಿಗೆ ಮುಗಿಯಿತು. ನಾನು ಹೊಸ್ತಿಲ ಹೊರಗೆ ನಿಂತಿದ್ದು ಆಗ. ಟೋಪಿಯ ಹಸಿರು ನೆನಪಿದೆ. ಹಳದಿ ಎಡಕ್ಕಿತ್ತೋ ಬಲಕ್ಕಿತ್ತೋ, ಹೇಳಲಾರೆ. ಅವ್ವ ಕಟ್ಟಲು ಬಗ್ಗಿದಾಗ ಅಕ್ಕ ಕೈ ಚಾಚಿದಳು.

"ಕೊಡಬೇ, ನಾ ಕಟ್ತೀನಿ."

ಲಾಡಿ ಕಟ್ಟಬೇಕೆಂದರೆ ಮುಖ ನೋಡಲೇಬೇಕು. ಅಕ್ಕ ಗಂಟು ಹಾಕಿದಳು, ಬಿಗಿಯಾಯಿತೆಂದು ಬಿಚ್ಚಿದಳು, ಮತ್ತೆ ಹಾಕಿದಳು. ಕೂಸು ಕಣ್ಣು ತೆರೆದೇ ಇತ್ತು.

"ಇದರ ಗದ್ದ ನಿನ್ನಂಗ ಐತಿ, ಯವ್ವಾ," ಅಂದಳು.

"ಸುಮ್ಮಕಿರು, ದೃಷ್ಟಿಯಾದೀತು," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕ ಕೂಸನ್ನೆತ್ತಿಕೊಂಡು, ನನ್ನನ್ನು ದಾಟಿ, ಕಟ್ಟೆಯ ಮೇಲೆ ಬಿದ್ದಿದ್ದ ಅಷ್ಟಗಲ ಬಿಸಿಲಿಗೆ ಬಂದು ಕುಳಿತಳು.

ಅದನ್ನು ಕಂಡವರಲ್ಲಿ ಅವ್ವ ಈಗಿಲ್ಲ, ಚಾಚಿಯೂ ಇಲ್ಲ. ರಾತ್ರಿಪಾಳಿ ಮುಗಿಸಿ ಬಂದು ಸೈಕಲ್ ಹಿಡಿದುಕೊಂಡೇ ನಿಂತುಬಿಟ್ಟಿದ್ದ ಭಾವ ಇದ್ದಾರೆ. ಅಕ್ಕ ಇದ್ದಾಳೆ. ಕುಂಚಿಗೆಯೊಳಗಿದ್ದವಳೂ ಇದ್ದಾಳೆ.