ಅಂಕಲಿಯ ಹೊಳೆದಂಡೆಯಲ್ಲಿ ಮರಳು ಗುಡಿಸುವ ಸೈಕಲ್ ಜಕ್ಕಪ್ಪ

ಬೆಳಗಿನ ಆರೂ ಆಗಿಲ್ಲ. ಅಂಕಲಿಯ ಬಳಿ ಕೃಷ್ಣಾ ಹೊಳೆಯ ಮೇಲೆ ಜನವರಿಯ ಮಂಜು ಇನ್ನೂ ಕದಲಿಲ್ಲ. ಸೈಕಲ್ಲನ್ನು ದಂಡೆಯ ಜಾಲಿಮರಕ್ಕೆ ಒರಗಿಸಿ, ಧೋತರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಕ್ಕಪ್ಪ ಮಗದುಮ್ಮ ಮರಳಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಬ್ಯಾಟರಿ. ಬೆಳಕನ್ನು ಮೇಲಿನಿಂದ ಬಿಡದೆ ನೆಲಕ್ಕೆ ಅಡ್ಡಲಾಗಿ ಹಾಯಿಸುತ್ತಾರೆ. ಹಾಗೆ ಹಾಯಿಸಿದರೆ ಏಡಿ ನಡೆದ ಗೆರೆಯೂ ಎದ್ದು ಕಾಣುತ್ತದಂತೆ.

"ನೀವು ಮುಂದ ಬರಬ್ಯಾಡ್ರಿ, ಅಲ್ಲೇ ನಿಂದರ್ರಿ," ಎನ್ನುತ್ತಾರೆ. ಮುಂದೆ ಹೋಗುವ ಯೋಚನೆ ನನಗೆ ಮೊದಲಿನಿಂದಲೂ ಇಲ್ಲ. ಪತ್ರಿಕೆಯವರ ಧೈರ್ಯವೆಲ್ಲ ಬರೆಯುವ ಮೇಜಿನ ಮುಂದೆ. ನಾನು ಅವರಿಗಿಂತ ಹತ್ತು ಹೆಜ್ಜೆ ಹಿಂದೆ, ಓಡಲು ಅನುಕೂಲವಾಗುವ ಹಾಗೆ ನಿಂತಿದ್ದೇನೆ.

ಅವರು ಹುಡುಕುತ್ತಿರುವುದು ಮೊಸಳೆಯ ಗುರುತು. ಪ್ರತಿ ಶನಿವಾರ ಸಂಜೆ ಒಂದು ಜಾಲಿಮುಳ್ಳಿನ ಕಂಟಿಯನ್ನು ಹಗ್ಗಕ್ಕೆ ಕಟ್ಟಿ, ಈ ಇಡೀ ಮರಳನ್ನು ಅವರು ಗುಡಿಸುತ್ತಾರೆ. ಗುಡಿಸುವುದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ತಮ್ಮದೇ ಹೆಜ್ಜೆಯೂ ಉಳಿಯದಂತೆ. ಬಿತ್ತುವ ಹೊಲದಂತೆ ನುಣ್ಣಗಾದ ಆ ಮರಳಿನ ಮೇಲೆ ರಾತ್ರಿ ಯಾರು ಓಡಾಡಿದರೆಂಬುದನ್ನು ರವಿವಾರ ಬೆಳಿಗ್ಗೆ ಓದುತ್ತಾರೆ. ನಡುವೆ ಬಾಲ ಎಳೆದ ಗೆರೆ, ಎರಡೂ ಕಡೆ ಬೆರಳು ಬಿಚ್ಚಿದ ಪಾದ. ಉಡದ್ದಾದರೆ ಗೆರೆ ಸಣ್ಣದು. ಸಂಶಯ ಬಂದರೆ ಸೈಕಲ್ಲಿನ ಕಡ್ಡಿ ಇಟ್ಟು ಅಳೆಯುತ್ತಾರೆ.

ಸೈಕಲ್ ಅಂಗಡಿಯವರಿಗೆ ಈ ಉಸಾಬರಿ ಯಾಕೆ? ಎಂಬತ್ತರ ದಶಕದಲ್ಲಿ ಜಕ್ಕಪ್ಪನವರ ಅಂಗಡಿಯ ಹದಿನೆಂಟು ಸೈಕಲ್ಲುಗಳು ತಾಸಿನ ಬಾಡಿಗೆಗೆ ಹಗಲೆಲ್ಲ ಊರು ಸುತ್ತುತ್ತಿದ್ದವು. ಕಬ್ಬಿನ ಬೆಳೆ ಜೋರಾಗಿ ಮನೆಮನೆಗೆ ಲೂನಾ, ಬುಲೆಟ್ಟು ಬಂದವು; ಸೈಕಲ್ಲುಗಳು ಗೋಡೆಗೆ ಆನಿಕೊಂಡು ನಿಂತವು. ಆಗ, ೧೯೮೯ರಲ್ಲಿ, ಜಕ್ಕಪ್ಪ ಒಂದು ಡಬ್ಬಿ ನೀಲಿ ಬಣ್ಣ ತಗೊಂಡು ನಿಪ್ಪಾಣಿಯ ಬಸ್ ನಿಲ್ದಾಣದ ಎದುರಿನ ಗೋಡೆಗೆ ಬರೆದರು: "ರವಿವಾರ ಅಂಕಲಿ ಹೊಳಿ ನೋಡಬರ್ರಿ. ಸೈಕಲ್ ನಮ್ಮದು, ಊಟ ನಮ್ಮದು, ತುಳಿಯೋದು ನಿಮ್ಮದು." ಕೆಳಗೆ ಅದನ್ನೇ ಮರಾಠಿಯಲ್ಲೂ ಬರೆದರು.

ಜನ ನಕ್ಕರು, ಆಮೇಲೆ ಬಂದರು. ಹೊಳೆಗುಂಟ ಕಬ್ಬಿನ ನಡುವಿನ ಒಡ್ಡಿನ ದಾರಿಯಲ್ಲಿ ಹದಿನಾರು ಕಿಲೋಮೀಟರು. ಕೊನೆಗೆ ಈ ಮರಳಿನ ಮೇಲೆ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಗಟ್ಟಿ ಮೊಸರು. ಈಗ ಸೈಕಲ್ಲು ಮೂವತ್ತಾಗಿವೆ. ಒಂಬತ್ತು ಮನೆಯ ಹೆಣ್ಣುಮಕ್ಕಳು ರವಿವಾರಕ್ಕೆಂದೇ ರೊಟ್ಟಿ ಬಡಿಯುತ್ತಾರೆ. ಅವರಲ್ಲಿ ಹೊಲವಿಲ್ಲದವರೇ ಹೆಚ್ಚು. ಕಬ್ಬಿನ ಗದ್ದೆಯಲ್ಲಿ ಕೂಲಿಗೆ ಬಾಗುವುದು ವಾರಕ್ಕೊಂದು ದಿನವಾದರೂ ತಪ್ಪಿತು ಎಂಬ ಸಮಾಧಾನ ಅವರದು.

ಈ ಊರವರಿಗೆ ಒಂದು ಗಟ್ಟಿ ನಂಬಿಕೆ ಇತ್ತು. ಎಮ್ಮೆ ಮೈತೊಳೆಯುವ ಘಟ್ಟಕ್ಕೆ ಮೊಸಳೆ ಬರುವುದಿಲ್ಲ ಎಂದು. ಜಕ್ಕಪ್ಪನವರೂ ಹಾಗೇ ನಂಬಿ ಐದು ವರ್ಷ ಊರೂರಿನ ಮಂದಿಯನ್ನು ಇದೇ ಘಟ್ಟದಲ್ಲಿ ನೀರಿಗೆ ಇಳಿಸಿದರು. ಎರಡು ವರ್ಷದ ಹಿಂದೆ, ೧೯೯೪ರ ಒಂದು ಸೋಮವಾರ, ಎಮ್ಮೆಗಳ ನಡುವೆ ನೀರು ಕುಡಿಯುತ್ತಿದ್ದ ನಾಯಿಯೊಂದನ್ನು ಮೊಸಳೆ ಎಳೆದುಕೊಂಡು ಹೋಯಿತು. ಅವರು ಕಣ್ಣಾರೆ ಕಂಡರು.

"ನಾಯಿ ಹೋತು, ಹೋಗ್ಲಿರಿ. ಹಿಂದಿನ ದಿನಾ ಅದ ಜಾಗಾದಾಗ ಮೂವತ್ತು ಮಂದಿ ನೀರಾಗ ಇದ್ರು. ಅವಾಗ ಅದು ಎಲ್ಲಿತ್ರಿ? ಅಲ್ಲೇ ತೆಳಗ ಇತ್ತೇನು? ಯಾರ ಕಾಲ ಬಾಜೂಕ ಹಾದುಹೋತು?"

ಅಂದಿನಿಂದ ಈ ಗುಡಿಸುವಿಕೆ. ಗುರುತು ಕಂಡ ರವಿವಾರ ಯಾರನ್ನೂ ನೀರಿನ ಹತ್ತಿರ ಬಿಡುವುದಿಲ್ಲ. ಆದರೆ ಕಾರಣ ಹೇಳುವುದೂ ಇಲ್ಲ. "ಇವತ್ತ ರಾಡಿ ಭಾಳ ಐತ್ರಿ" ಎಂದು ಊಟವನ್ನು ದಂಡೆಯ ಮೇಲಿನ ತೋಪಿಗೆ ಸಾಗಿಸುತ್ತಾರೆ. ಎರಡು ವರ್ಷದಲ್ಲಿ ಹನ್ನೊಂದು ಸಲ ಹೀಗೆ ಸುಳ್ಳು ಹೇಳಿದ್ದನ್ನು ಬೆರಳು ಮಡಚಿ ನನಗೆ ಹೇಳಿದರು. ಮೊಸಳೆ ಎಂಬ ಮಾತು ಹೊರಬಿದ್ದರೆ ಒಂಬತ್ತು ಮನೆಯ ಒಲೆಗೆ ನೀರು ಹೊಯ್ದಂತೆ ಎಂಬುದು ಅವರ ಹೆದರಿಕೆ.

ಅಷ್ಟರಲ್ಲಿ ಬ್ಯಾಟರಿಯ ಬೆಳಕು ಒಂದು ಕಡೆ ನಿಂತುಬಿಟ್ಟಿತು. ಜಕ್ಕಪ್ಪ ಕಡ್ಡಿ ಇಟ್ಟು ಅಳೆಯಲೂ ಇಲ್ಲ. ಎದ್ದು, ಗೆರೆಯ ಗುಂಟ ಮೇಲಕ್ಕೆ ನಾಲ್ಕು ಹೆಜ್ಜೆ ಹೋಗಿ, ಕೆಳಗೆ ಬಂದು, ನೀರಿನ ಅಂಚನ್ನೆಲ್ಲ ಎರಡು ಸಲ ನೋಡಿದರು.

"ಹತ್ತಿದ ಗುರ್ತ ಐತ್ರಿ," ಅವರ ಧ್ವನಿ ತೀರ ಸಣ್ಣದಾಗಿತ್ತು. "ಇಳದ ಗುರ್ತ ಇಲ್ಲ."

ಅಂದರೆ ಅದು ನೀರಿನಲ್ಲಿಲ್ಲ. ನಮ್ಮ ಬೆನ್ನ ಹಿಂದಿನ ಕಬ್ಬಿನಲ್ಲಿದೆ. ಕಬ್ಬಿನ ಎಲೆ ಸರ್ರೆಂದಿತು, ಗಾಳಿಯೇ ಇರಬೇಕು. ನಾನು ಬರೆದುಕೊಳ್ಳುತ್ತಿದ್ದ ಪುಸ್ತಕ ಎಲ್ಲಿ ಬಿತ್ತೋ ನೋಡಲಿಲ್ಲ. ಇಬ್ಬರೂ ಕಬ್ಬಿಗೆ ಬೆನ್ನು ತಿರುಗಿಸದೆ, ಅಡ್ಡಡ್ಡ ಹೆಜ್ಜೆ ಹಾಕುತ್ತ ಜಾಲಿಮರದವರೆಗೆ ನಡೆದೆವು.

ಅಂಗಡಿಗೆ ಬರುವಷ್ಟರಲ್ಲಿ ಕಸ್ತೂರೆವ್ವ ರೊಟ್ಟಿಯ ಬುಟ್ಟಿ ಹೊತ್ತು ಕಾಯುತ್ತಿದ್ದಳು. ರೊಟ್ಟಿ ಬಡಿಯುವ ಒಂಬತ್ತು ಜನರಿಗೂ ಇವಳೇ ಮುಂದಾಳು, ನಾಲ್ಕು ಗಂಟೆಗೇ ಒಲೆ ಹಚ್ಚಿದವಳು. ಸುದ್ದಿ ಕೇಳಿ ಬುಟ್ಟಿಯನ್ನು ಕೆಳಗಿಟ್ಟಳು.

"ಉಡಾ ಅಂತ ಹೇಳ್ರಿ ಜಕ್ಕಣ್ಣಾ. ಡಾಂಬರ್ ರೋಡಿಗುಂಟ ಕರಕೊಂಡು ಹೋಗ್ರಿ. ಮೊಸಳಿ ಅಂದ್ರ ನಾಳೆ ಯಾವಾಂವ ಬರ್ತಾನ? ನಾವು ಮತ್ತ ಕಬ್ಬಿನಾಗ ಬಗ್ಗೂದ?"

"ನೀರಾಗ ಇದ್ರ ಹಂಗ ಹೇಳ್ತಿದ್ನೆವ್ವಾ. ಇವತ್ತ ಅದು ದಾರ್‍ಯಾಗ ಐತಿ. ಯಾರರೆ ಒಬ್ರು ಉಚ್ಚೀಗೆ ಅಂತ ಕಬ್ಬಿನಾಗ ಹೋದ್ರ?"

ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಜಕ್ಕಪ್ಪ ಮೊದಲು ಕಬ್ಬು ಕಡಿಯುವವರ ಗುಡಿಸಲುಗಳಿಗೆ ಆಳು ಕಳಿಸಿ ಎಚ್ಚರಿಕೆ ಹೇಳಿಸಿದರು.

ನಿಪ್ಪಾಣಿಯ ಬಸ್ಸು ಏಳೂವರೆಗೆ ಬಂತು. ಇಳಿದವರು ಇಪ್ಪತ್ತೆರಡು ಜನ. ಅವರನ್ನು ಕರೆತಂದವರು ಅಣ್ಣಾಸಾಬ ಮಾಸ್ತರರು, ನಿಪ್ಪಾಣಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವವರು. ನಾಲ್ಕು ವರ್ಷದಿಂದ ತಪ್ಪದೆ ಬರುವವರು. ಸೈಕಲ್ಲುಗಳ ಸಾಲಿನ ಮುಂದೆ ನಿಂತು ಜಕ್ಕಪ್ಪ ಎಲ್ಲವನ್ನೂ ಹೇಳಿದರು. ಇವತ್ತಿನ ಗುರುತು, ನಾಯಿ, ರಾಡಿಯ ನೆಪ, ಹನ್ನೊಂದು ರವಿವಾರ. ಹೇಳುವಾಗ ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಿದ್ದರು.

ಯಾರೂ ಗದ್ದಲ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅಣ್ಣಾಸಾಬ ಮಾಸ್ತರರು ಹತ್ತಿರ ಬಂದು ಕೇಳಿದರು: "ಹ್ವಾದ ತಿಂಗಳು ನಮ್ಮ ಮಗಳು ಮಂಗಲ ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. ಮೊಣಕಾಲ ಮಟಾ ನೀರಾಗ ನಿಂತಿದ್ದಳು. ಅವತ್ತ ಗುರ್ತ ಇತ್ತೇನ್ರಿ?"

"ಅವತ್ತ ಇರಲಿಲ್ರಿ ಮಾಸ್ತರ," ಎಂದರು ಜಕ್ಕಪ್ಪ. "ಹಿಂದಿನ ವಾರ ಇತ್ತು."

ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಮಾಸ್ತರರು ತಿರುಗಿ ಹೋಗಿ ನಿಂತಿದ್ದ ಬಸ್ಸನ್ನು ಹತ್ತಿದರು. ಹಿಂದೆಯೇ ಹದಿಮೂರು ಜನ ಹತ್ತಿದರು. ಉಳಿದ ಎಂಟು ಜನರನ್ನು ಜಕ್ಕಪ್ಪ ಡಾಂಬರ್ ರಸ್ತೆಯಲ್ಲಿ ಮಾಂಜರಿಯವರೆಗೆ ಕರೆದೊಯ್ದು, ಎಲ್ಲರಿಗಿಂತ ಹಿಂದೆ ತಾವು ಸೈಕಲ್ ತುಳಿಯುತ್ತ, ಮೈಲಿಗೊಮ್ಮೆ ತಲೆ ಎಣಿಸುತ್ತ ಹೊಳ್ಳಿ ಕರೆತಂದರು.

ಹನ್ನೊಂದು ಗಂಟೆಗೆ ಕಬ್ಬು ಕಡಿಯುವವರು ಕೂಗಾಡುತ್ತ ಬಂದರು. ಒಡ್ಡಿನ ದಾರಿಯ ತಿರುವಿನಲ್ಲಿರುವ ಪಂಪ್‌ಸೆಟ್ಟಿನ ಮನೆಯ ಹಿಂದಿನ ಕಾಲುವೆಯಲ್ಲಿ ಅದು ಮಲಗಿತ್ತು. ಜನರ ಸದ್ದಿಗೆ ಎದ್ದು, ದಂಡೆ ಇಳಿದು ಹೊಳೆ ಸೇರಿತಂತೆ. ಎರಡು ಆಳು ಉದ್ದ ಎಂದರು. ಅರ್ಧ ಉತ್ಪ್ರೇಕ್ಷೆ ಎಂದಿಟ್ಟುಕೊಂಡರೂ ಸಾಕು. ಆ ಪಂಪ್‌ಸೆಟ್ಟಿನ ಮನೆಯ ನೆರಳಿನಲ್ಲೇ ಪ್ರತಿ ವಾರ ಎಲ್ಲರೂ ಸೈಕಲ್ ಇಳಿದು, ಹಿಂದುಳಿದವರಿಗಾಗಿ ಕಾಯುತ್ತ, ಕಾಲು ಚಾಚಿ ಕೂರುವುದು. ಇದನ್ನು ಕೇಳಿ ಜಕ್ಕಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಸ್ತೂರೆವ್ವ ನೀರಿನ ತಂಬಿಗೆ ತಂದು ಕೈಗೆ ಕೊಟ್ಟಳು. ಉಳಿದ ರೊಟ್ಟಿಯ ಮಾತನ್ನು ಅವಳು ಎತ್ತಲಿಲ್ಲ.

ಮುಂದಿನ ರವಿವಾರ ಎಷ್ಟು ಜನ ಬರುತ್ತಾರೋ, ಬರುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಜಕ್ಕಪ್ಪನವರಿಗೆ ಈಗ ಐವತ್ತನಾಲ್ಕು. ಇನ್ನು ಮುಂದೆ ಏನಾಗಬೇಕು ಅಂತ ನಿಮ್ಮ ಆಸೆ ಎಂದು ಕೇಳಿದೆ. ತಂಬಿಗೆಯನ್ನು ಮೆಟ್ಟಿಲ ಮೇಲೆ ಇಟ್ಟರು.

"ಅಣ್ಣಾಸಾಬ ಮಾಸ್ತರು ಒಮ್ಮೆ ಆ ಹುಡುಗೀನ ಕರಕೊಂಡು ಬರಬೇಕ್ರಿ. ನೀರಿಗೆ ಇಳಸಂಗಿಲ್ಲ. ದಂಡಿ ಮ್ಯಾಲ ನನ್ನ ಬಾಜೂಕ ಕುಂಡ್ರಿಸಿಕೊಂಡು, ಇದು ಏಡಿ, ಇದು ಉಡಾ, ಇದು ಮೊಸಳಿ ಅಂತ ಮರಳಿನ್ಯಾಗ ಎಲ್ಲಾ ತೋರಸ್ತೀನಿ. ಆಕಿ ಏನ್ ಕೇಳಿದ್ರೂ ಖರೇನ ಹೇಳ್ತೀನಿ."